ಹರಿದ ಎಳಿ ಯಾರ ಕಣ್ಣಿಗೆ

(ಬನದ ಹುಣ್ಣಿಮೆಯ ಮರುದಿನ. ಇಳಕಲ್ಲಿನಿಂದ ಬಾದಾಮಿಗೆ ಹೊರಟ ಬಸ್ಸು. ಕಿಟಕಿಯ ಪಕ್ಕ, ಮಗ್ಗ ಬಿಟ್ಟು ಎರಡು ವರ್ಷವಾದ ಕಾಕಾ. ಅವರ ಮಗ್ಗುಲಿಗೆ ಅಣ್ಣನ ಮಗಳು. ಬಾಗಲಕೋಟೆಯ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಪಾಠ ಹೇಳುತ್ತಾಳೆ. ಇಬ್ಬರೂ ಬನಶಂಕರಿ ಜಾತ್ರೆಗೆ ಹೊರಟವರು.)

— ತಂಗಿ, ಚಾಳೀಸು ಮನ್ಯಾಗ ಮರತು ಬಂದೆ. ಮೊಬೈಲ್‌ನ್ಯಾಗ ಏನೋ ಉದ್ದಂದು ಬಂದೈತಿ, ಓದಿ ಹೇಳವ್ವಾ.

— ಕೇಳ್ರಿ ಹಂಗಾರ. ‘ನಮ್ಮ ಸರಕಾರ ಹೆಣ್ಣಮಕ್ಕಳ ಖಾತೆಕ್ಕ ತಿಂಗಳಾ ತಿಂಗಳಾ ರೊಕ್ಕ ಹಾಕಾಕ ಹತ್ತೈತಿ. ಇದು ದಾನ ಅಲ್ಲ, ತಾಯಂದಿರಿಗೆ ಕೊಡೂ ಮರ್ಯಾದಿ...’

— ಸಾಕು ಬಿಡು. ಮರ್ಯಾದಿ ಅಂತ! ವೋಟಿಗೆ ಕೊಟ್ಟ ಮುಂಗಡ ಅದು. ದುಡಿಯಾವ್ರ ತೆರಿಗಿ ರೊಕ್ಕ ಹಿಂಗ ಚೆಲ್ಲಿದ್ರ ರಾಜ್ಯ ದಿವಾಳಿ ಏಳತೈತಿ. ಅಳಿಸಿ ಒಗಿ ಅದನ್ನ.

— ಅಳಸಲ್ಯಾ? ಕಳಿಸಿದಾವ್ರು ಸೊಲ್ಲಾಪುರದ ಮಾಮಾ. ಬರದದ್ದು ಮಹಾರಾಷ್ಟ್ರದ ಲಾಡ್ಕಿ ಬಹೀಣ್ ಯೋಜನಾದ ಬಗ್ಗೆ. 2024ರಾಗ ಶುರು ಆತು, ತಿಂಗಳಿಗೆ 1,500 ರೂಪಾಯಿ. ನೀವು ವೋಟ್ ಹಾಕೂ ಪಕ್ಷ ಅಲ್ಲಿ ಸರಕಾರದಾಗ ಐತಿ. ರಾಜ್ಯದ ಹೆಸರು ನಾ ಬೇಕಂತ ನುಂಗಿದೆ.

— ಎಲಾ ಇವಳ! ... ಅದು ಬ್ಯಾರೆ, ತಂಗಿ. ಅಲ್ಲಿ ಆದಾಯಕ್ಕ ಮಿತಿ ಐತಿ. ಎರಡೂವರಿ ಲಕ್ಷದೊಳಗ ಇದ್ದವರಿಗೆ ಅಷ್ಟ.

— ಇಲ್ಲೂ ಮಿತಿ ಐತಿ. ಆದಾಯ ತೆರಿಗಿ ಕಟ್ಟೂ ಮನಿಗೆ ಗೃಹಲಕ್ಷ್ಮಿ ಇಲ್ಲ. ಗೊತ್ತಿತ್ತೇನ್ರಿ?

— ಇರಲಿಲ್ಲ.

— ಅಲ್ಲಿಂದು ಗೊತ್ತಿತ್ತು, ಇಲ್ಲಿಂದು ಗೊತ್ತಿರಲಿಲ್ಲ. ನಿಮ್ಮನ್ನ ಒಬ್ಬರನ್ನ ಅನ್ನಾಕ ಹತ್ತಿಲ್ಲ ಮತ್ತ. ಓಣ್ಯಾಗ ನಿಮ್ಮ ಗೆಳೆಯಾರು ಅದಾರಲ್ಲ, ಕೈ ಪಕ್ಷದಾವ್ರು, ಅವರಿಗೂ ಹ್ವಾದ ವಾರ ಹಿಂಗ ಓದಿ ತೋರಿಸಿದೆ. 2023ರಾಗ ಗೃಹಲಕ್ಷ್ಮಿ ಬಂದಾಗ ಅವ್ರು ‘ಇದು ಬಸವಣ್ಣನ ದಾಸೋಹ’ ಅಂದಿದ್ರು. ಲಾಡ್ಕಿ ಬಹೀಣ್ ಅಂದ ಕೂಡಲೇ ‘ಓಟು ಕೊಳ್ಳೂ ಧಂದೆ’ ಅಂದ್ರು. ಮಧ್ಯಪ್ರದೇಶದ ಲಾಡ್ಲಿ ಬಹನಾಕ್ಕೂ ಅದ ಮಾತು.

— ಅಂವಂಗ ಹಂಗ ಆಗಬೇಕು! ದಿನಾ ನನಗ ಪಕ್ಷದ ಗುಲಾಮ ಅಂತಾನ.

— ಅದ ನೋಡ್ರಿ, ಅವರ ಹುಳುಕು ಸಿಕ್ಕ ಕೂಡ್ಲೆ ನಿಮ್ಮದು ಮರತು ಹೋತು. ಜೆಫ್ರಿ ಕೋಹೆನ್ ಅಂತ ಅಮೇರಿಕದ ಒಬ್ಬ ಮನಶ್ಶಾಸ್ತ್ರಜ್ಞ ಇದನ್ನ ವಿದ್ಯಾರ್ಥಿಗಳ ಮ್ಯಾಲೆ ಮಾಡಿ ನೋಡ್ಯಾನ. 2003ರಾಗ ಅಚ್ಚಾತು. ಬಡವರಿಗೆ ಸರಕಾರ ಕೊಡೂ ಸಹಾಯದ ಎರಡು ಯೋಜನಾ ಇಟ್ಟ. ಒಂದು ಉದಾರ, ಒಂದು ಭಾಳ ಬಿಗಿ. ಯಾವ ಯೋಜನಾಕ್ಕ ತಮ್ಮ ಪಕ್ಷದ ಬೆಂಬಲ ಐತಿ ಅಂತ ಹೇಳಿದ್ನೋ ಹುಡುಗರು ಅದನ್ನ ಮೆಚ್ಚಿದ್ರು. ಯೋಜನಾದಾಗ ಏನೈತಿ ಅನ್ನೂದು ಹಿಂದ ಬಿತ್ತು. ಮಜಾ ಏನಂದ್ರ, ‘ಪಕ್ಷ ನೋಡಿ ಮೆಚ್ಚಿದ್ರೇನು’ ಅಂತ ಕೇಳಿದ್ರ, ಇಲ್ಲ, ಯೋಜನಾ ನೋಡೇ ಮೆಚ್ಚೀವಿ ಅಂದ್ರು. ಸುಳ್ಳು ಹೇಳಲಿಲ್ಲ. ಹಂಗಂತ ಖರೇನ ನಂಬಿದ್ರು.

— ಅಮೇರಿಕದ ಹುಡುಗರ ಮ್ಯಾಲೆ ಮಾಡಿದ್ದನ್ನ ತಂದು ನಮ್ಮ ಮ್ಯಾಲೆ ಹೊದಿಸಬ್ಯಾಡ. ಅಲ್ಲಿ ಎರಡು ಪಕ್ಷ, ಅಪ್ಪ ಹಾಕಿದ್ದಕ್ಕ ಮಗ ಹಾಕತಾನ. ನಮ್ಮ ಹುನಗುಂದ ನೋಡು. 2013ಕ್ಕ ಕಾಶಪ್ಪನವರ ಗೆದ್ರು, 2018ಕ್ಕ ದೊಡ್ಡನಗೌಡ ಪಾಟೀಲರು, 2023ಕ್ಕ ಮತ್ತ ಕಾಶಪ್ಪನವರ. ಪಕ್ಷ ನೋಡಿದವರು ಹಿಂಗ ತಿರಗಾ ಮುರಗಾ ಹಾಕತಾರೇನು? ಇಲ್ಲಿ ಮನಷಾನ್ನ ನೋಡತಾರ, ಮನೆತನ ನೋಡತಾರ, ಜಾತಿ ನೋಡತಾರ, ನಮ್ಮ ಓಣಿಗೆ ನಳ ಯಾರು ತಂದ್ರು ಅದನ್ನ ನೋಡತಾರ.

— ಒಪ್ಪಿದೆ ಕಾಕಾ. ಈ ಮಾತು ನಮ್ಮ ಕಾಲೇಜಿನ್ಯಾಗೂ ಹೇಳೂದು ಕಡಿಮಿ. ಅಲ್ಲಿಯ ಪುಸ್ತಕದಾಗ ಪಕ್ಷ ಅಂತ ಇದ್ದಲ್ಲಿ ನಮ್ಮಲ್ಲಿ ಏನಿಡಬೇಕು ಅನ್ನೂದು ಬ್ಯಾರೇನ ಪ್ರಶ್ನೆ. ಆದ್ರ ‘ನಮ್ಮಾವ್ರು’ ಅನ್ನೂದು ಎಲ್ಲಾ ಕಡೆ ಐತಿ. ನಿಮಗ ಅದು ಪಕ್ಷ, ಇನ್ನೊಬ್ಬರಿಗೆ ಮಠ, ಮತ್ತೊಬ್ಬರಿಗೆ ರಾಜ್ಯದ ಗಡಿ. ಗಡಿ ಅಂದಕೂಡಲೆ ನೆನಪಾತು, ಒಂದು ಕೇಳಲ್ಯಾ? ಸಾಂಗ್ಲಿ, ಕೊಲ್ಲಾಪುರಕ್ಕ ಮಹಾಪೂರ ಬಂದಾಗ ಅಲ್ಲಿಯ ಮಂದಿ ಆಲಮಟ್ಟಿ ಡ್ಯಾಮಿನಿಂದ ಆತು ಅಂತಾರ. ನೀವೇನಂತೀರಿ?

— ತಲಿಕೆಟ್ಟ ಮಾತು. ಆಲಮಟ್ಟಿ ಎಲ್ಲಿ, ಸಾಂಗ್ಲಿ ಎಲ್ಲಿ! ಅವರ ಸರಕಾರ ನೇಮಿಸಿದ ವಡನೇರೆ ಸಮಿತೀನ ಆಲಮಟ್ಟಿ ಕಾರಣ ಅಲ್ಲ ಅಂತ ವರದಿ ಕೊಟ್ಟೈತಿ. ಆದ್ರೂ ಎತ್ತರ 519.60 ಮೀಟರಿಂದ 524.256ಕ್ಕ ಏರಸ್ತೇವಿ ಅಂದ್ರ ಬೊಬ್ಬಿ ಹೊಡೀತಾರ. ನಿಮ್ಮ ಕಾಕಿ ತವರಮನಿ ಹಳೇ ಬಾಗಲಕೋಟ್ಯಾಗ ಮುಳುಗಡಿ ಆತು. ಮುಳುಗಿದಾವ್ರು ನಾವು, ಅಳಾವ್ರು ಅವ್ರು.

— ಆತು. ಜಮಖಂಡಿ ಕಡೆ ಕೃಷ್ಣಾ ತುಂಬಿ ಬಂದಾಗ ನೀವೇನಂತೀರಿ?

— ಕೊಯ್ನಾದವರು ನೀರು ಬಿಟ್ರು ಅಂತೀನಿ.

— 2019ರ ಆಗಸ್ಟಿನ್ಯಾಗ ಮಲಪ್ರಭಾ ಏರಿ ಪಟ್ಟದಕಲ್ಲಿನ ಗುಡಿಗಳನ್ನೆಲ್ಲಾ ನೀರು ಸುತ್ತಿತ್ತಲ್ಲ, ಆವಾಗ?

— ನವಿಲುತೀರ್ಥದ ಡ್ಯಾಮಿನ್ಯಾಗ ತುಂಬೂತನಕ ಸುಮ್ನ ಕುಂತು ಒಮ್ಮೆಲೆ ಬಿಟ್ರು ಅಂತೀನಿ... ಹ್ಞಾಂ. ಎಲ್ಲಿ ಹೊಂಟಿ ಅಂತ ತಿಳೀತು. ಸಾಂಗ್ಲಿಯಾವ್ರು ಡ್ಯಾಮಿನ ಮ್ಯಾಲೆ ಹಾಕಿದ್ರ ತಲಿಕೆಟ್ಟ ಮಾತು, ನಾವು ಹಾಕಿದ್ರ ಖರೆ ಮಾತು. ಆದ್ರ ತಡಿ. ಎರಡೂ ಒಂದ ಅಲ್ಲ. ನೀರು ಇಳಿಜಾರಿಗೆ ಹರೀತೈತಿ. ಕೊಯ್ನಾ ನಮಗ ಮ್ಯಾಲೆ, ಆಲಮಟ್ಟಿ ಅವರಿಗೆ ಕೆಳಗ. ಮ್ಯಾಲಿನಾಂವ ಬಿಟ್ಟ ನೀರು ಕೆಳಗಿನಾಂವನ ಮನಿ ಹೊಕ್ಕತೈತಿ. ಕೆಳಗಿನಾಂವ ಕಟ್ಟಿದ ನೀರು ಅಷ್ಟು ದೂರ ಹಿಂದ ಏರಬೇಕಾದ್ರ ಬ್ಯಾರೇನ ಲೆಕ್ಕ.

— ಇದು ಗಟ್ಟಿ ಮಾತು. ನನ್ನ ಕಡೆ ಉತ್ತರ ಇಲ್ಲ. ಹಿಂದಕ್ಕ ಒತ್ತಿದ ನೀರು ಎಲ್ಲೀತನಕ ಏರತೈತಿ ಅಂತ ಎಂಜಿನಿಯರರು ಅಳತಿ ಹಾಕಬೇಕು, ನಾವಲ್ಲ. ನಾ ಕೇಳೂದು ಇಷ್ಟ: ಈ ಇಳಿಜಾರಿನ ಮಾತು ನಿಮಗ ಯಾವಾಗ ಹೊಳೀತು?

— ಈಗ.

— ತೀರ್ಪು ಯಾವಾಗ ಕೊಟ್ಟಿದ್ರಿ?

— ...ಭಾಳ ವರ್ಷದ ಹಿಂದ.

— ಕಾರಣ ಸುಳ್ಳಂತ ಅಲ್ಲ. ನಿಮ್ಮ ಕಾರಣ ಖರೇನ ಇರಬಹುದು. ಆದ್ರ ಅದು ತೀರ್ಪಿನ ಹಿಂದಿಂದ ಓಡಿ ಬಂದು, ಮುಂದಿನ ಕುರ್ಚಿ ಮ್ಯಾಲೆ ಕುಂತು, ನಾನ ಈ ತೀರ್ಪಿನ ಅಪ್ಪ ಅಂತು.

— ಅಂದ್ರ ಕಲತಾವ್ರು ಹಿಂಗ ಮಾಡೂದಿಲ್ಲೇನು? ನಾ ಏಳನೇತ್ತಾ ಬಿಟ್ಟಾಂವ.

— ಲೆಕ್ಕದಾಗ ನೀವು ಶಾಣ್ಯಾರು, ಇದನ್ನ ಬಿಡಸ್ರಿ. ಚರ್ಮಕ್ಕ ಹಚ್ಚೂ ಮುಲಾಮು. ಹಚ್ಚಿದವರಾಗ 223 ಮಂದಿಗೆ ಗುಣ ಆತು, 75 ಮಂದಿಗೆ ಹೆಚ್ಚಾತು. ಹಚ್ಚಲಾರದವರಾಗ 107 ಮಂದಿಗೆ ತಾನ ಗುಣ ಆತು, 21 ಮಂದಿಗೆ ಹೆಚ್ಚಾತು. ಮುಲಾಮು ಛಲೋನೋ ಕೆಟ್ಟದ್ದೋ?

— 223 ಅಂದ್ರ ಛಲೋ... ಇಲ್ಲ, ತಡಿ. 75ರ ಮೂರು ಪಾಲು 225. ಅಂದ್ರ ಹಚ್ಚಿದವರಾಗ ಕೆಟ್ಟಾವ ಒಬ್ಬ ಇದ್ರ ಗುಣ ಆದಾವ್ರು ಮೂರು ಮಂದಿ. 21ರ ಐದು ಪಾಲು 105. ಹಚ್ಚಲಾರದವರಾಗ ಒಬ್ಬಗ ಐದು ಮಂದಿ. ಹಚ್ಚಲಾರದಿದ್ರ ಹೆಚ್ಚು ಗುಣ! ರೊಕ್ಕ ಕೊಟ್ಟು ಹುಣ್ಣು ತಗೊಂಡಂಗ.

— ಭೇಷ್. ಯೇಲ್ ವಿಶ್ವವಿದ್ಯಾಲಯದ ಡ್ಯಾನ್ ಕಹಾನ್ ಮತ್ತ ಅವನ ಜೋಡಿಯಾವ್ರು ಸಾವಿರದ ಮ್ಯಾಲೆ ಮಂದಿಗೆ ಇದನ್ನ ಕೊಟ್ರು. ಭಾಳ ಮಂದಿ ದೊಡ್ಡ ಅಂಕಿ ನೋಡಿ ಬಿದ್ರು. ಲೆಕ್ಕ ಬಲ್ಲವರು ನಿಮ್ಮಂಗ ಬಿಡಿಸಿದ್ರು. ಆಮ್ಯಾಲೆ ಅದ ಅಂಕಿ ಇಟ್ಟು ಮುಲಾಮು ತಗದು, ‘ಊರಾಗ ಬಂದೂಕು ಹಿಡಿದು ತಿರುಗೂದನ್ನ ನಿಷೇಧ ಮಾಡಿದ್ರ ಅಪರಾಧ ಇಳೀತೋ ಏರೀತೋ’ ಅಂತ ಮಾಡಿದ್ರು. ಅಲ್ಲಿ ಅದು ದೊಡ್ಡ ರಾಜಕೀಯ ಜಗಳ. ಆವಾಗ ಎರಡೂ ಪಕ್ಷದ ಲೆಕ್ಕ ಬಲ್ಲವರ ನಡುವಿನ ಅಂತರಾನ ಹೆಚ್ಚಾತು. ಉತ್ತರ ತಮ್ಮ ಪಕ್ಷಕ್ಕ ಹಿಡಿಸೂದಿದ್ರ ಆಳಕ್ಕ ಇಳದು ಭಾಗಾಕಾರ ಮಾಡಿದ್ರು. ಹಿಡಿಸಲಾರದಿದ್ರ, ಮೊದಲ ಕಂಡ ದೊಡ್ಡ ಅಂಕೀನ ಸಾಕು ಅಂತ ಕೈಬಿಟ್ರು.

— ಅಂದ್ರ ಶಾಣ್ಯಾತನ ವಕೀಲ ಇದ್ದಂಗ. ಫೀ ಯಾರು ಕೊಡತಾರ ಅವರ ಕಡೆ.

— ದೊಡ್ಡ ವಕೀಲ ಇದ್ದಷ್ಟು ಕೇಸು ಗಟ್ಟಿ, ಅಷ್ಟ. ನ್ಯಾಯ ಹೆಚ್ಚಾಗೂದಿಲ್ಲ. ಹುನಗುಂದ ಹಿಂದ ಬಿತ್ತೇನ್ರಿ?

— ಆಗಳೇ. ಮುಂದ ಅಮೀನಗಡ. ಬರೂವಾಗ ಕರದಂಟು ತಗೊಳೂಣು. ಇಲ್ಲಿಂದ ಎಡಕ್ಕ ಹ್ವಾದ್ರ ಐಹೊಳಿ. ಸಾಲಿ ಟ್ರಿಪ್ಪಿನ್ಯಾಗ ನಮ್ಮ ಮಾಸ್ತರು ಮೇಗುತಿ ಗುಡ್ಡ ಹತ್ತಿಸಿ ರವಿಕೀರ್ತಿ ಶಾಸನ ತೋರಿಸಿದ್ರು. ಒಂದಕ್ಷರ ತಿಳೀಲಿಲ್ಲ. ಆದ್ರ ಪುಲಿಕೇಶಿ ಹರ್ಷನ್ನ ಸೋಲಿಸಿದ ಅಂದಾಗ ಎದಿ ಇಷ್ಟಗಲ ಆತು.

— ನರಸಿಂಹವರ್ಮ ಬಾದಾಮಿ ಹಿಡಿದದ್ದು ಹೇಳಿದ್ರಾ?

— ಹೇಳಿರಬಹುದು. ನೆನಪಿಲ್ಲ.

— ನನಗೂ ಸಾಲ್ಯಾಗ ಕೇಳಿದ್ದು ನೆನಪಿಲ್ಲ. ಮ್ಯಾಲೆ ಓದುವಾಗ ಗೊತ್ತಾತು. ರವಿಕೀರ್ತಿ ಬರದದ್ದು 634ರಾಗ. ಹರ್ಷನ ಹೆಸರಿನ ಮ್ಯಾಲೆ ಶ್ಲೇಷ ಕಟ್ಟಿ ಹಂಗಿಸ್ಯಾನ, ಪಲ್ಲವರನ್ನ ಕಂಚಿಯ ಕೋಟಿಯೊಳಗ ಅಡಗಿಸ್ಯಾನ, ಕಡೀಕ ತನ್ನನ್ನ ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಾನ. 642ರಾಗ ಪಲ್ಲವರು ಬಂದು ಬಾದಾಮೀನ ಹಿಡಿದ್ರು. ನರಸಿಂಹವರ್ಮ ನಮ್ಮ ಬಂಡಿ ಮ್ಯಾಲೇನ ತನ್ನ ಶಾಸನ ಕೆತ್ತಿಸಿ ವಾತಾಪಿಕೊಂಡ ಅಂತ ಬಿರುದು ಇಟಗೊಂಡ. ತಮಿಳರ ಮನ್ಯಾಗ ಕೇಳ್ರಿ, ಕಲ್ಕಿ ಬರದ ‘ಶಿವಗಾಮಿಯಿನ್ ಶಪಥಂ’ ಕಾದಂಬರಿ ಓದಿದಾವ್ರು ಈ ಕತಿ ಅಂಗೈ ಮ್ಯಾಲಿಟ್ಟು ಹೇಳತಾರ. ಅಲ್ಲಿ ನಮ್ಮ ಪುಲಿಕೇಶಿ ವೈರಿ.

— ವಿಕ್ರಮಾದಿತ್ಯ ಆಮ್ಯಾಲೆ ಕಂಚಿ ಗೆದ್ದನಲ್ಲ! ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಅದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು.

— ಇದು ನೆನಪೈತಿ ನೋಡ್ರಿ!

— ನಗಬ್ಯಾಡ. ... ಆದ್ರ ಒಂದು ಮಾತು ಹೇಳತೀನಿ. ರವಿಕೀರ್ತಿ ಪಕ್ಷಪಾತಿ ಇರಲಿ, ಆದ್ರ ಮರ್ದ. ತಾರೀಕು ಹಾಕಿ, ಹೆಸರು ಹಾಕಿ, ಕಲ್ಲಿನ ಮ್ಯಾಲೆ ಬರದ. ಎಂಟು ವರ್ಷಕ್ಕ ಎಲ್ಲಾ ಉಲ್ಟಾ ಆತು. ಅಳಸಾಕ ಬರಲಿಲ್ಲ, ನಾ ಹಂಗಂದಿದ್ದಿಲ್ಲ ಅನ್ನಾಕ ಬರಲಿಲ್ಲ. ಈ ಮೊಬೈಲಿನ್ಯಾಗ ಮಂದಿ ಬೆಳಿಗ್ಗೆ ಹಾಕತಾರ, ಸಂಜೀಕ ಅಳಸತಾರ.

— ಈ ಮಾತು ನನ್ನ ಪಾಠದಾಗ ಸೇರಸ್ತೀನಿ.

— ಸೇರಿಸು, ಆದ್ರ ಮೊದಲ ನಿನ್ನ ಲೆಕ್ಕ ಚುಕ್ತಾ ಆಗಲಿ. 2018ರಾಗ ಸಿದ್ದರಾಮಯ್ಯ ಬಾದಾಮಿಗೆ ಬಂದು ನಿಂತ್ರು, ಎದುರು ಶ್ರೀರಾಮುಲು. ನೀ ಧಾರವಾಡದಿಂದ ಫೋನ್ ಮಾಡಿ ಏನಂದಿದ್ದಿ?

— ಟಕ್ಕರ್ ಐತಿ, ಹೆಂಗಾರ ಆಗಬಹುದು ಅಂದಿದ್ದೆ.

— ಇಲ್ಲ. ‘ಮುಖ್ಯಮಂತ್ರಿ ಅದಾರ, 20,000 ಲೀಡಿನ ಮ್ಯಾಲೆ ಬರತಾರ’ ಅಂದಿ.

— ಕಾಕಾ, ನಾ ಹಂಗ ಅಂದಿಲ್ಲ. ಅವರು ನಿಂತ ಇನ್ನೊಂದು ಕ್ಷೇತ್ರ ಚಾಮುಂಡೇಶ್ವರಿಯೊಳಗ ಕಷ್ಟ ಐತಿ ಅಂತ ಮೊದಲ ಗೊತ್ತಿತ್ತು, ಅದಕ್ಕ ಬಾದಾಮಿಗೆ ಬಂದ್ರು, ಇಲ್ಲೂ...

— ನಾ ನೂಲಿನ ಲೆಕ್ಕ ಬರಿಯೂ ಪುಸ್ತಕದಾಗ ಬರದಿಟ್ಟೀನಿ. ನಿನ್ನ ಹೆಸರು, ತಾರೀಕು, 20,000. ಯಾಕ ಬರದೆ? ಗೆದ್ದ ಮ್ಯಾಲೆ ಎಲ್ಲಾರೂ ‘ನಾ ಮೊದಲ ಹೇಳಿದ್ದೆ’ ಅಂತಾರ, ಅದಕ್ಕ. ಗೆದ್ದದ್ದು 1,696 ವೋಟಿನಿಂದ. ಚಾಮುಂಡೇಶ್ವರಿಯೊಳಗ ಸೋತದ್ದು 36,042ರಿಂದ. ಆ ದಿನಾ ಸಂಜಿಕಿ ಮತ್ತ ಫೋನ್ ಮಾಡಿ ನೀ ಏನಂದಿ ಗೊತ್ತೈತಾ? ‘ನಾ ಅನಕೊಂಡಂಗ ಆತು.’

— ...ಪುಸ್ತಕ ತೋರಸ್ರಿ ಮನಿಗೆ ಹೋಗಿ.

— ತೋರಸ್ತೀನಿ. ಈಗ ನೀ ಹೇಳು, ಇದಕ್ಕ ನಿಮ್ಮ ಶಾಸ್ತ್ರದಾಗ ಹೆಸರೈತೋ ಇಲ್ಲೋ?

— ಐತಿ. ಅದರ ಮ್ಯಾಲೆ ನಾನ ಪಾಠ ಮಾಡೀನಿ, ನಾಚಿಕಿ ಬರತೈತಿ ಹೇಳಾಕ. 1972ರಾಗ ಅಮೇರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕ, ರಷ್ಯಾಕ್ಕ ಹೊಂಟಾಗ ಬಾರುಕ್ ಫಿಶ್‌ಹಾಫ್, ರೂಥ್ ಬೇಯ್ತ್ ಇಬ್ಬರು ವಿದ್ಯಾರ್ಥಿಗಳನ್ನ ಕೇಳಿದ್ರು, ಅಲ್ಲಿ ಏನೇನು ಆಗಬಹುದು ಅಂತ. ಅವನು ತಿರಗಿ ಬಂದ ಮ್ಯಾಲೆ ಅವರನ್ನ ಮತ್ತ ಕೇಳಿದ್ರು, ನೀವು ಆವತ್ತು ಏನು ಬರದಿದ್ರಿ ನೆನಪು ಮಾಡ್ಕೊಳ್ರಿ. ಆಗಿದ್ದನ್ನ ತಾವು ಮೊದಲ ಹೇಳಿದ್ವಿ ಅಂತ, ಬರದದ್ದಕ್ಕಿಂತ ಜಾಸ್ತಿ ಹೇಳಿದ್ರು. ನೆನಪು ಫಲಿತಾಂಶಕ್ಕ ತಕ್ಕಂಗ ಮಗ್ಗಲು ಬದಲಿಸಿತ್ತು.

— ನಾ 1991 ನೋಡೀನಿ ತಂಗಿ. ರಾಮಕೃಷ್ಣ ಹೆಗಡೆ, ಮುಖ್ಯಮಂತ್ರಿ ಆಗಿದ್ದವ್ರು, ಬಾಗಲಕೋಟಿ ಲೋಕಸಭಾಕ್ಕ ನಿಂತಿದ್ರು. ಎದುರು ಸಿದ್ದು ನ್ಯಾಮಗೌಡ. ಹೆಗಡೆ ಸೋಲತಾರ ಅಂತ ಅಂದಾವ್ರು ನಮ್ಮ ಓಣ್ಯಾಗ ಒಬ್ಬರೂ ಇದ್ದಿಲ್ಲ. ಸೋತ ಮರುದಿನ ಚಾ ಅಂಗಡ್ಯಾಗ ಎಲ್ಲಾರೂ ಪಂಡಿತರು. ‘ರೈತರು ತಮ್ಮ ರೊಕ್ಕದಿಂದ ಚಿಕ್ಕಪಡಸಲಗಿಯೊಳಗ ಕೃಷ್ಣಾಕ್ಕ ಬ್ಯಾರೇಜು ಕಟ್ಟಿದಾಂವನ ಮುಂದ ಬೆಂಗಳೂರಿನಾಂವ ನಿಲ್ಲತಾನೇನು?’ ಬ್ಯಾರೇಜು 1989ರಾಗ ಕಟ್ಟಿದ್ದು. ಎರಡು ವರ್ಷ ಕಣ್ಣ ಮುಂದ ಇತ್ತು. ಮೊದಲ ಯಾರೂ ಅದನ್ನ ಹಿಡಕೊಂಡು ಹೇಳಲಿಲ್ಲ. ನಾನೂ ಇದ್ದೆ ಆ ಪಂಡಿತರಾಗ. ಆವತ್ತಿನಿಂದ ಬರದಿಡಾಕ ಹತ್ತೀನಿ.

— ನೀವು ನನಗಿಂತ ಮೊದಲ ಪ್ರಯೋಗ ಮಾಡೀರಿ ಹಂಗಾರ.

— ಪ್ರಯೋಗ ಅಲ್ಲ, ಹಟ. ಇನ್ನೊಂದು ಕೇಳತೀನಿ. ಇಳಕಲ್ಲ ಮಹಾಂತ ಅಪ್ಪಗಳು ಜೋಳಿಗಿ ಹಿಡಕೊಂಡು ಊರೂರು ತಿರಗಿ, ನಿಮ್ಮ ಚಟ ಇದರಾಗ ಹಾಕ್ರಿ ಅಂದ್ರು. ಮಂದಿ ಬೀಡಿ ಹಾಕಿದ್ರು, ಗುಟಕಾ ಹಾಕಿದ್ರು, ಸೆರೆ ಬಿಟ್ರು. ಅವರು ಹುಟ್ಟಿದ ಆಗಸ್ಟ್ 1ನ್ನ ಸರಕಾರ ವ್ಯಸನಮುಕ್ತ ದಿನ ಅಂತ ಮಾಡೈತಿ. ಈ ಪಕ್ಷಪಾತದ ಚಟಾನೂ ಹಂಗ ಜೋಳಿಗಿಗೆ ಹಾಕಾಕ ಬರತೈತೇನು?

— ಬೀಡಿ ಸೇದಾವಂಗ ತಾ ಬೀಡಿ ಸೇದತೀನಿ ಅಂತ ಗೊತ್ತಿರತೈತಿ. ಇದರಾಗ ಅದ ಗೊತ್ತಿರೂದಿಲ್ಲ. ಎಮಿಲಿ ಪ್ರೋನಿನ್ ಮತ್ತ ಜೋಡಿಯಾವ್ರು 2002ರಾಗ ತೋರಿಸ್ಯಾರ: ಪೂರ್ವಗ್ರಹಗಳ ಪಟ್ಟಿ ಕೊಟ್ಟು ಕೇಳಿದ್ರ, ಇವು ಬ್ಯಾರೆಯವರಿಗೆ ಹೆಚ್ಚು ಅದಾವ, ನನಗ ಕಡಿಮಿ ಅಂತ ಮಂದಿ ಹೇಳತಾರ. ಕೈಯಾಗ ಕಾಣಲಾರದ್ದನ್ನ ಜೋಳಿಗಿಗೆ ಹೆಂಗ ಹಾಕೂದು? ನಾನ ಈಗ ಸಿಕ್ಕಬಿದ್ದೆನಲ್ಲ, ಪಾಠ ಹೇಳಾಕಿ.

— ಮಗ್ಗದ ಮ್ಯಾಲೆ ಕುಂತಾವಂಗ ಇದು ಹೊಸಾದಲ್ಲ. ನಮ್ಮ ಸೀರಿಯೊಳಗ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎಳಿಗೆ ಎಳಿ ಕುಣಿಕಿ ಹಾಕಿ ಕೂಡಸಬೇಕು. ಸಾವಿರಗಟ್ಟಲೆ ಎಳಿಯೊಳಗ ಒಂದು ತಪ್ಪಿದ್ರ ಕೆಂಪು ಸೆರಗಿನ್ಯಾಗ ಗೆರಿ ಮೂಡತೈತಿ. ನಾ ನೇಯ್ದ ಸೀರಿ ನಾ ಹತ್ತು ಸಲ ನೋಡಿದ್ರೂ ಆ ಗೆರಿ ಕಾಣತಿದ್ದಿಲ್ಲ. ಸಾವಕಾರ ಕೈಯಾಗ ಹಿಡದ ಕೂಡಲೇ ಬೆರಳು ಅಲ್ಲೇ ಹೋಗತಿತ್ತು. ಮಗ್ಗಲು ಮನಿಯವನ ಸೀರಿಯೊಳಗಿನ ತಪ್ಪು ನನಗ ದೂರಿಂದ ಕಾಣತಿತ್ತು. ಕಣ್ಣು ಅವ, ಸೀರಿ ಬ್ಯಾರೆ, ಅಷ್ಟ.

— ಕಾಕಾ, ಇದನ್ನ ಅಂದಂಗ ಒಂದು ಪ್ರಯೋಗ ಆಗೈತಿ, 2016ರಾಗ. ಮಂದಿಗೆ ತರ್ಕದ ಪ್ರಶ್ನೆ ಕೊಟ್ಟು, ಉತ್ತರಕ್ಕ ಕಾರಣ ಬರಿಯಾಕ ಹಚ್ಚಿದ್ರು. ಸ್ವಲ್ಪ ಹೊತ್ತಾದ ಮ್ಯಾಲೆ, ಅವರು ಬರದ ಕಾರಣಾನ ‘ಇದು ಇನ್ನೊಬ್ಬಂದು, ಹೆಂಗೈತಿ ಹೇಳ್ರಿ’ ಅಂತ ಕೊಟ್ರು. ಕೆಲವರಿಗೆ ಮೋಸ ಗೊತ್ತಾತು. ಗೊತ್ತಾಗಲಾರದವರಾಗ ಅರ್ಧಕ್ಕಿಂತ ಹೆಚ್ಚು ಮಂದಿ ತಾವು ಬರದ ಕಾರಣಾನ ತಾವ ತಳ್ಳಿ ಹಾಕಿದ್ರು!

— ತಮ್ಮ ಸೀರಿ ಅಂತ ಗೊತ್ತಿಲ್ಲದಾಗ ತಪ್ಪು ಹಿಡಿದ್ರು.

— ಹಿಡಿದ್ರು. ಅದರಾಗ ಇದ್ದ ಫ್ರಾನ್ಸಿನ ಹ್ಯೂಗೋ ಮರ್ಸಿಯೆ, ಅವನ ಗುರು ಡ್ಯಾನ್ ಸ್ಪರ್ಬರ್ ಇಬ್ಬರದೂ ಒಂದು ವಾದ ಐತಿ. ಮನಷಾಗ ತರ್ಕ ಬಂದದ್ದು ಒಬ್ಬನ ಕುಂತು ಖರೆ ಹುಡುಕಾಕ ಅಲ್ಲ, ನಾಕು ಮಂದ್ಯಾಗ ವಾದ ಮಾಡಾಕ ಅಂತ. ಒಬ್ಬನ ಇದ್ದಾಗ ಅದು ಬರೇ ವಕೀಲಕಿ ಮಾಡತೈತಿ. ಎದುರು ಇನ್ನೊಬ್ಬ ಕುಂತಾಗ ಅವನ ಹುಳುಕು ಹಿಡಿಯಾಕ ಚುರುಕಾಗತೈತಿ. ಇವನ ಕಣ್ಣು ಅವಗ, ಅವನ ಕಣ್ಣು ಇವಗ.

— ಕೇಳಾಕ ಛಲೋ ಐತಿ. ಆದ್ರ ಸಾವಕಾರ ತಪ್ಪು ಹುಡುಕತಿದ್ದದ್ದು ಕೂಲಿ ಕಡಿಯಾಕ, ನನಗ ನೇಯೂದು ಕಲಸಾಕ ಅಲ್ಲ. ಇಲ್ಲದ ತಪ್ಪನ್ನೂ ಐತಿ ಅಂತಿದ್ದ. ಟೀವಿಯೊಳಗ ರಾತ್ರಿ ಕೂಗಾಡತಾರಲ್ಲ, ಅಲ್ಲಿ ಎರಡೂ ಕಡೆ ಸಾವಕಾರರ. ಸೀರಿ ಯಾರಿಗೂ ಬೇಕಿಲ್ಲ.

— ಮತ್ತ ನಿಮ್ಮ ಮೊಬೈಲಿನ ಗುಂಪಿನ್ಯಾಗ?

— ಅಲ್ಲಿ ಎಲ್ಲಾರೂ ಒಂದ ಮಗ್ಗದಾವ್ರು. ಗೆರಿ ಮೂಡಿದ್ದ ಡಿಸೈನು ಅಂತಾರ.

— ಹಂಗಾರ ಯಾರ ಕೈಯಾಗ ಕೊಡೂದು ಸೀರಿ?

— ನನ್ನ ಸೀರಿ ಹಾಳಾದ್ರ ಸಂಕಟ ಪಡಾವ್ರ ಕೈಯಾಗ. ಆದ್ರ ನನ್ನ ಮಾತು ಒಪ್ಪಲಾರದಾವ್ರ ಕೈಯಾಗ. ಅಂಥಾವ್ರು ಎಷ್ಟು ಮಂದಿ ಸಿಗತಾರ? ಆ ಗೆಳೆಯಾ ಒಬ್ಬ ಅದಾನ, ದಿನಾ ಜಗಳ. ನಲವತ್ತು ವರ್ಷ ಆತು. ನಾ ಬಿದ್ದಾಗ ಬಾಗಲಕೋಟಿ ದವಾಖಾನಿಗೆ ಒಯ್ದಾಂವ ಅವನ.

— ಅವರಿಗೂ ಪುಸ್ತಕದಾಗ ಬರದೀರೇನು?

— ಹದಿನಾಲ್ಕು ಸಲ. ಒಂಬತ್ತು ತಪ್ಪು.

— ನಿಮ್ಮದು?

— ...ಗುಳೇದಗುಡ್ಡ ದಾಟಿತೇನು ನೋಡು.

— ಕಾಕಾ! ನಿಮ್ಮದು ಎಷ್ಟು ತಪ್ಪು?

— ನನ್ನವು ಬರದಿಲ್ಲ. ನನಗ ನೆನಪಿರತಾವ ಅಂತ ಬಿಟ್ಟೀನಿ. ನಗಬ್ಯಾಡ ಅಂದೆ. ಕಂಡಕ್ಟರ ತಿರಗಿ ನೋಡಾಕ ಹತ್ಯಾನ.

— ನೋಡ್ಲಿ. ಸರಿ, ಇವತ್ತಿನಿಂದ ನಿಮ್ಮದೂ ಬರಿಯೂಣು. ಬನಶಂಕರಿಯೊಳಗ ಇಷ್ಟು ನಾಟಕ ಕಂಪನಿ ಟೆಂಟ್ ಹಾಕ್ಯಾವ. ಇವತ್ತು ರಾತ್ರಿ ಮೊದಲ ಹೌಸ್‌ಫುಲ್ ಆಗೂದು ಯಾವುದು, ಹೇಳ್ರಿ.

— ಪ್ರತಿ ವರ್ಷ ನಾ ನೋಡೂದು ಐತಲ್ಲ, ಹೊಂಡದ ಕಡೆಯಿಂದು. ಅದ.

— ಯಾಕ?

— ಯಾಕಂದ್ರ ಅದರಾಗ ಹಾಸ್ಯ... ಬಿಡು. ನಾ ಪ್ರತಿ ವರ್ಷ ನೋಡತೀನಿ, ಅದಕ್ಕ. ನೀ ಹೇಳು ನಿಂದು.

— ನಂದು ಬಸ್‌ಸ್ಟ್ಯಾಂಡ್ ಕಡೆಯಿಂದು. ಪೆನ್ನು ಐತಿ, ಹಾಳಿ ಇಲ್ಲ.

— ನಿನ್ನ ಝೀರೋ ಟಿಕೆಟ್ ತಗಿ. ಹಿಂದ ಖಾಲಿ ಐತಿ. ಎರಡೂ ಬರಿ, ತಾರೀಕು ಹಾಕು, ಸಹಿ ಮಾಡು. ಕೊಡಿಲ್ಲಿ, ನಾನೂ ಮಾಡತೀನಿ.

— ತೊಗೊಳ್ರಿ. ಅಯ್ಯ, ಅದನ್ನ ನಿಮ್ಮ ಕಿಸೆದಾಗ ಯಾಕ ಇಟಗೊಂಡ್ರಿ?

— ನಿನ್ನ ಕಡೆ ಇದ್ರ ಕಳೀತೈತಿ.

— ನಿಮ್ಮ ಕಡೆ ಇದ್ರ?

— ಇಳಿ ಇಳಿ, ಬಾದಾಮಿ ಬಂತು.